ಮಿಷನ್ ಆಸ್ಪತ್ರೆಯ ಹೆರಿಗೆ ಪುಸ್ತಕ

ಕೇಳುಗರಿಗೆ ನಮಸ್ಕಾರ.

ನೀವು ಹುಟ್ಟಿದಾಗ ಎಷ್ಟು ತೂಕ ಇದ್ದಿರಿ? ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ‘ಅಂಗೈಯಗಲ ಇದ್ದೆ’ ಅಂದಾರು, ಇಲ್ಲ ‘ಗುಂಡುಗುಂಡಗಿದ್ದೆ’ ಅಂದಾರು. ಸರಿಯಾದ ಲೆಕ್ಕ ಸಿಗೋದು ಅಪರೂಪ, ಅಲ್ವಾ?

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಆ ಲೆಕ್ಕ ಉಳಿದಿದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ ಹುಟ್ಟಿದ ಕೂಸುಗಳ ಮೂರು ಅಳತೆಗಳನ್ನು 1934ರಿಂದ ಬರೆದಿಟ್ಟಿದ್ದಾರೆ: ತೂಕ, ಉದ್ದ, ತಲೆಯ ಸುತ್ತಳತೆ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಶುರುಮಾಡಿದ್ದು ಅದರ ಮರುವರ್ಷ. ಅಷ್ಟು ಹಳೆಯ ಬರಹ ಅದು. ಕಿರುಚುವ ಕೂಸಿನ ಕಾಲು ನೀಡಿಸಿ ಉದ್ದ ಅಳೆಯೋದು ಸುಲಭದ ಕೆಲಸವಲ್ಲ. ಮುಂದೆ ಇದು ಯಾತಕ್ಕೆ ಬಂದೀತು ಅಂತ ಆ ದಾದಿಯರಿಗೆ ಗೊತ್ತಿರಲಿಲ್ಲ. ಆದರೂ ಅಳೆದರು, ಬರೆದರು. ನನಗೆ ಆ ಕೈಗಳ ಮೇಲೆ ತುಂಬಾ ಗೌರವ.

ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಅಂತ ಒಬ್ಬ ವೈದ್ಯರಿದ್ದರು. ಹರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ ದಾದಿಯರು ಬರೆದಿಟ್ಟ ಇಂಥದೇ ಪುಸ್ತಕಗಳನ್ನು ಹಿಡಿದು, ಸಣ್ಣದಾಗಿ ಹುಟ್ಟಿ ಸಣ್ಣದಾಗೇ ಬೆಳೆದ ಕೂಸುಗಳು ದೊಡ್ಡವರಾದ ಮೇಲೆ ಹೃದ್ರೋಗದಿಂದ ಸಾಯೋದು ಜಾಸ್ತಿ ಅಂತ 1989ರಲ್ಲಿ ತೋರಿಸಿದರು. ಹಾಗಾದರೆ ನಮ್ಮಲ್ಲಿ? ಬಾರ್ಕರ್, ಕ್ಯಾರೊಲಿನ್ ಫಾಲ್, ಕುಮಾರನ್ ಮತ್ತು ಅವರ ಜೊತೆಯವರು ಮೈಸೂರಿನ ಪುಸ್ತಕ ಬಿಚ್ಚಿದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ, ಇನ್ನೂ ಅದೇ ಆಸುಪಾಸಿನಲ್ಲಿದ್ದ 517 ಜನರನ್ನು ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗ. 3.1 ಕಿಲೋ ದಾಟಿದವರಲ್ಲಿ ನೂರಕ್ಕೆ 3.

ಯಾಕೆ ಹೀಗೆ? ಅಕ್ಕಿ ಸಾಲದ ಮನೆಯಲ್ಲಿ ತಾಯಿ ಬಡಿಸೋದನ್ನು ನೆನಪಿಸಿಕೊಳ್ಳಿ. ಮೊದಲು ಚಿಕ್ಕವರಿಗೆ, ತನಗೆ ತಳದ್ದು. ಹೊಟ್ಟೆಯೊಳಗಿನ ಕೂಸಿನ ಮೈಯೂ ಹಾಗೇ ಹಂಚುತ್ತದೆ. ಸಿಕ್ಕಿದ್ದರಲ್ಲಿ ಮೊದಲ ಪಾಲು ಮಿದುಳಿಗೆ. ಮೂತ್ರಪಿಂಡಕ್ಕೆ, ಮಾಂಸಖಂಡಕ್ಕೆ, ಇನ್ಸುಲಿನ್ ಕೊಡುವ ಗ್ರಂಥಿಗೆ ಉಳಿದದ್ದು. ಆ ಕೊರತೆ ಹುಟ್ಟಿದಾಗ ಕಾಣೋದಿಲ್ಲ, ಐವತ್ತರ ಹೊತ್ತಿಗೆ ಹೃದ್ರೋಗವಾಗಿ ಕಾಣಬಹುದು. ‘ಜಾಸ್ತಿ ತಿನ್ನಬೇಡ, ಕೂಸು ದೊಡ್ಡದಾದರೆ ಹೆರಿಗೆ ಕಷ್ಟ’ ಅಂತ ಬಸುರಿಗೆ ಹೇಳುವ ಮನೆಗಳು ಇವತ್ತಿಗೂ ಇವೆ. ಪ್ರೀತಿಯಿಂದಲೇ ಹೇಳ್ತಾರೆ. ಆದರೆ ಆ ತುತ್ತು ಕಡಿಮೆಯಾಗೋದು ಇಬ್ಬರಿಗೆ.

ಹಾಗಂತ ಕೂಸು ದಪ್ಪಗಿದ್ದರೆ ಸಾಕು ಅಂತಲ್ಲ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮೈಸೂರಿನ ಪುಸ್ತಕ ಬೇರೆಯೇ ಮಾತು ಹೇಳಿತು. ಕುಳ್ಳಗೆ, ದುಂಡಗೆ ಹುಟ್ಟಿದವರಲ್ಲೇ ಅದು ಜಾಸ್ತಿ ಇತ್ತು. ಅವರ ತಾಯಂದಿರ ತೂಕವೂ ಜಾಸ್ತಿ ಇತ್ತು. ಹಾಗಾದರೆ ಬಸುರಿನಲ್ಲಿ ತಾಯಿಗೆ ಸಕ್ಕರೆ ಅಂಶ ಏರಿತ್ತೇ? ಹಳೆಯ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹೊಸದಾಗಿಯೇ ಶುರುಮಾಡಬೇಕಾಯಿತು.

1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಬಸುರಿಯರಿಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡಿದರು. ನೂರಕ್ಕೆ ಆರು ಜನರಿಗೆ ಸಕ್ಕರೆ ಇತ್ತು. ಪರೀಕ್ಷೆಯಾದ ಆ ಬಸುರಿಯರಿಗೆ ಹುಟ್ಟಿದ ಮಕ್ಕಳನ್ನು ಡಾಕ್ಟರ್ ಜಿ. ವಿ. ಕೃಷ್ಣವೇಣಿ ಮತ್ತು ತಂಡ ಕೈಬಿಡದೆ ನೋಡಿಕೊಂಡು ಬಂದರು. ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಿಗೆ 5 ವರ್ಷಕ್ಕೇ ಚರ್ಮದಡಿಯ ಕೊಬ್ಬು ಜಾಸ್ತಿ, ರಕ್ತದಲ್ಲಿ ಇನ್ಸುಲಿನ್ ಜಾಸ್ತಿ. ಮುಂದೆ ಸಕ್ಕರೆ ಕಾಯಿಲೆ ಬಂದೀತು ಅನ್ನೋ ಸುಳಿವು ಅದು. ಐದು ವರ್ಷ ಅಂದರೆ ಇನ್ನೂ ಅಂಗನವಾಡಿಗೆ ಹೋಗುವ ಮಗು! ಈ ಸಂಗತಿ ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆ ಗ್ಲೂಕೋಸ್ ನೀರಿನ ಪರೀಕ್ಷೆ ಈಗ ಎಲ್ಲ ಬಸುರಿಯರಿಗೂ ಆಗಬೇಕಾದದ್ದು. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದ ನಡುವೆ ಇನ್ನೊಮ್ಮೆ. ಕುಡಿದು ಎರಡು ಗಂಟೆ ಕಾಯಬೇಕು. ಬಿಸಿಲು, ಬಸ್ಸು ತಪ್ಪೀತೆಂಬ ಚಿಂತೆ, ಮನೆಯಲ್ಲಿ ಬಿಟ್ಟುಬಂದ ಮಗು. ಎಷ್ಟೋ ಹೆಣ್ಣುಮಕ್ಕಳು ನಡುವೆಯೇ ಎದ್ದು ಹೋಗ್ತಾರೆ. ಜೊತೆಗೆ ಗಂಡನೋ ಅತ್ತೆಯೋ ಸುಮ್ನೆ ಕೂತಿದ್ದರೂ ಸಾಕು, ಆ ಎರಡು ಗಂಟೆ ಕಳೆಯುತ್ತದೆ.

ಇವತ್ತು ಮನೆಯಲ್ಲಿರುವ ತಾಯಿ ಕಾರ್ಡ್ ತೆಗೆದು ನೋಡಿ. ಮಗುವಿನ ಹುಟ್ಟಿದ ತೂಕದ ಜಾಗ ಖಾಲಿ ಇದ್ದರೆ, ಆಶಾ ಅಕ್ಕನಿಗೆ ಹೇಳಿ ಬರೆಸಿಕೊಳ್ಳಿ.

ನಮಸ್ಕಾರ.