ತುಪ್ಪ ಬಿಟ್ಟರೂ ಇಳಿಯದ ಕೊಬ್ಬು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮದು ಹಾಸನ. ಹೋದ ವರ್ಷ ನಮ್ಮನೆಯವರ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 148. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು, 312. ಮೊದಲನೆಯದು 100ರ ಒಳಗೆ, ಎರಡನೆಯದು 150ರ ಒಳಗೆ ಇರಬೇಕು ಅಂತ ಡಾಕ್ಟರು ಹೇಳಿದರು. ನಾನು ಮನೆಗೆ ಬಂದವಳೇ ತುಪ್ಪದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಮೊಟ್ಟೆ ನಿಂತಿತು, ಮಾಂಸ ನಿಂತಿತು. ಎರಡು ತಿಂಗಳು ಕಟ್ಟುನಿಟ್ಟು. ಆಮೇಲೆ ನೋಡಿದರೆ ಎಲ್‌ಡಿಎಲ್ 139ಕ್ಕೆ ಬಂದಿತ್ತು. ಟ್ರೈಗ್ಲಿಸರೈಡ್ 305ರಲ್ಲೇ ಕೂತಿತ್ತು. ನಮ್ಮನೆಯವರು ಏನೂ ಮಾತಾಡಲಿಲ್ಲ. ನನಗೆ ಅಳು ಬಂತು.

ಡಾಕ್ಟರು ಕೇಳಿದ ಪ್ರಶ್ನೆ ಒಂದೇ: "ದಿನಕ್ಕೆ ಎಷ್ಟು ಕಾಫಿ?"

ಆರು ಲೋಟ. ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಅಂತ ಹಿಡಿದರೂ ದಿನಕ್ಕೆ 60 ಗ್ರಾಂ. ತಿಂಗಳಿಗೆ ಹತ್ತಿರ ಹತ್ತಿರ ಎರಡು ಕೆ.ಜಿ., ಒಬ್ಬರಿಗೇ! ಅದರ ಮೇಲೆ ಬೆಳಿಗ್ಗೆ ನಾಲ್ಕು ಅಕ್ಕಿ ರೊಟ್ಟಿ, ಮಧ್ಯಾಹ್ನ ತಟ್ಟೆ ತುಂಬ ಅನ್ನ, ಸಂಜೆ ಬೇಕರಿಯ ಬನ್ನು. ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಹೋದ ಸಕ್ಕರೆ, ಅನ್ನ, ಮೈದಾವನ್ನು ನಮ್ಮ ಲಿವರ್ರೇ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದಂತೆ. ಆ ಕೊಬ್ಬೇ ಟ್ರೈಗ್ಲಿಸರೈಡ್. ಹೆಂಡ, ಬ್ರಾಂದಿ ಕುಡಿದರೂ ಹೀಗೇ ಏರುತ್ತದೆ. ನಾನು ತುಪ್ಪದ ಮೇಲೆ ಕಣ್ಣಿಟ್ಟು ಕೂತಿದ್ದೆ, ಸಕ್ಕರೆ ಡಬ್ಬಿ ನನ್ನ ಕೈಯಲ್ಲೇ ಖಾಲಿಯಾಗುತ್ತಿತ್ತು.

ಕಾಫಿ ಬಿಡಿ ಅಂದರೆ ನಮ್ಮ ಜಿಲ್ಲೆಯಲ್ಲಿ ಯಾರು ಕೇಳುತ್ತಾರೆ? ಬಿಡಬೇಕಾಗಿಯೂ ಇಲ್ಲ. ಆರು ಲೋಟ ಎರಡಕ್ಕೆ ಇಳಿಯಿತು. ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಕಮ್ಮಿ ಮಾಡಿದೆ, ನಾಲಿಗೆ ಒಗ್ಗಿಕೊಂಡಿತು. ಬೆಲ್ಲ ಹಾಕಿದರೆ ತೊಂದರೆಯಿಲ್ಲ ಅಂತ ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡಿ, ಲೆಕ್ಕ ಅದೇ. ಇನ್ನೊಂದು ವಿಷಯ. ಕಾಫಿಪುಡಿಯನ್ನು ನೀರಲ್ಲಿ ಕುದಿಸಿ ಬಸಿದರೆ ಬೀಜದ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ಲೋಟಕ್ಕೆ ಬರುತ್ತದೆ. ಅದು ಎಲ್‌ಡಿಎಲ್ ಏರಿಸುತ್ತದೆ. ಕಾಗದದಲ್ಲಿ ಸೋಸಿದರೆ ಬಹುಪಾಲು ಅಲ್ಲೇ ನಿಲ್ಲುತ್ತದೆ. ದಿನಕ್ಕೆ ಐದಾರು ಲೋಟ ಕುದಿಸಿದ ಕಾಫಿ ಕುಡಿಯುವವರು ಇದನ್ನು ಯೋಚನೆ ಮಾಡಿ.

ಎಲ್‌ಡಿಎಲ್ ಕತೆ ಬೇರೆ. ಅಲ್ಲಿ ತುಪ್ಪ, ಬೆಣ್ಣೆ, ಕೊಬ್ಬಿರುವ ಮಾಂಸ, ಡಾಲ್ಡಾ, ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸುವುದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ತೆಂಗಿನಕಾಯಿಯೂ. ಅರಸೀಕೆರೆ ಕಡೆಯವರಿಗೆ ಈ ಮಾತು ಬೇಜಾರಾಗಬಹುದು, ನನ್ನ ತವರೂ ಅಲ್ಲೇ. ಆದರೆ ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಭಾಗ ತುಪ್ಪ, ಬೆಣ್ಣೆಯಲ್ಲಿರುವಂಥ ಗಟ್ಟಿ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್). ಸಾರಿಗೆ ಅರ್ಧ ಹೋಳು ರುಬ್ಬುತ್ತಿದ್ದವಳು ಈಗ ಒಂದು ಹಿಡಿ ತುರಿ ಹಾಕುತ್ತೇನೆ. ಗಟ್ಟಿ ಬರಲಿ ಅಂತ ಬೆಂದ ಕಾಳನ್ನೇ ಒಂದಿಷ್ಟು ಸೇರಿಸಿ ರುಬ್ಬುತ್ತೇನೆ.

ಆ ಕಾಳೇ ನಮ್ಮ ದೊಡ್ಡ ಆಸ್ತಿ. ಹುರುಳಿ, ಅವರೆ, ಅಲಸಂದೆ, ಹೆಸರು ಇವುಗಳಲ್ಲಿ ನೀರಿಗೆ ಲೋಳೆಯಾಗುವ ನಾರು ಇರುತ್ತದೆ. ಊಟ ಅರಗಿಸಲು ಲಿವರ್ ಕೊಲೆಸ್ಟ್ರಾಲಿನಿಂದ ಪಿತ್ತರಸ ಮಾಡುತ್ತದೆ. ಈ ನಾರು ಆ ಪಿತ್ತವನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಒಯ್ಯುತ್ತದೆ. ಹೊಸ ಪಿತ್ತಕ್ಕೆ ಲಿವರ್ ರಕ್ತದಲ್ಲಿರುವ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳಬೇಕು. ಬೆಂಡೆಕಾಯಿ, ಸೀಬೆ, ಕಿತ್ತಳೆ, ಮೆಂತ್ಯ ಕೂಡ ಇದೇ ಕೆಲಸ ಮಾಡುತ್ತವೆ. ಮೊಳಕೆ ಹುರುಳಿಯ ಬಸ್ಸಾರು, ಜೊತೆಗೆ ಬಸಿದ ಕಾಳು, ಸೊಪ್ಪಿನ ಪಲ್ಯ, ಒಂದು ಸಣ್ಣ ಮುದ್ದೆ. ನಮ್ಮ ಅತ್ತೆಯವರ ಕಾಲದ ಊಟ ಇದು. ಮುದ್ದೆ ಮಾತ್ರ ಸಣ್ಣದಿರಲಿ, ರಾಗಿಯೂ ಹಿಟ್ಟೇ ಅಲ್ವಾ. ಮೀನು ತಿನ್ನುವವರಿಗೆ ಶಿರಾಡಿ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿ ಒಳ್ಳೆಯದು. ಕರಿಯುವ ಬದಲು ಸಾರು ಮಾಡಿ.

ಇನ್ನು ನಡಿಗೆ. ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ನಾವಿಬ್ಬರೂ ಬೆಳಿಗ್ಗೆ ಮಹಾರಾಜ ಪಾರ್ಕಿಗೆ ಹೋಗುತ್ತೇವೆ. ಹೀಗೆ ದುಡಿಯುವ ಸ್ನಾಯು ರಕ್ತದಲ್ಲಿರುವ ಕೊಬ್ಬನ್ನು ಎಳೆದು ಉರಿಸುತ್ತದೆ. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲೇ ನಿಲ್ಲಿಸಿ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ನಾಲ್ಕು ತಿಂಗಳಲ್ಲಿ ಇವರ ತೂಕ 78ರಿಂದ 73 ಕೆ.ಜಿ.ಗೆ ಬಂತು. ಟ್ರೈಗ್ಲಿಸರೈಡ್ 168. ಎಲ್‌ಡಿಎಲ್ 126ಕ್ಕೆ ಬಂದು ನಿಂತಿತು. ಇವರ ಅಪ್ಪನಿಗೂ ಚಿಕ್ಕಪ್ಪನಿಗೂ ಐವತ್ತರ ಆಸುಪಾಸಿನಲ್ಲೇ ಹೃದಯಾಘಾತ ಆಗಿತ್ತು. ಅದಕ್ಕೇ ಡಾಕ್ಟರು ಕೊಲೆಸ್ಟ್ರಾಲ್ ಇಳಿಸಲು ರಾತ್ರಿ ಒಂದು ಗುಳಿಗೆ ಬರೆದುಕೊಟ್ಟರು. ನಾನು ಮೊದಲು ಬೇಡ ಅಂದೆ, ಪಥ್ಯದಲ್ಲೇ ಗೆಲ್ಲಬೇಕು ಅನ್ನುವ ಹಟ ನನಗೆ. ಕೆಲವರಿಗೆ ಹೆಚ್ಚು ಕೊಲೆಸ್ಟ್ರಾಲ್ ಹುಟ್ಟಿನಿಂದಲೇ ಬಂದಿರುತ್ತದೆ, ಊಟ ಎಷ್ಟು ತಿದ್ದಿದರೂ ಒಂದು ಮಟ್ಟಕ್ಕೆ ನಿಲ್ಲುತ್ತದೆ ಅಂತ ಅವರು ಬಿಡಿಸಿ ಹೇಳಿದ ಮೇಲೆ ಒಪ್ಪಿದೆ. ಟ್ರೈಗ್ಲಿಸರೈಡ್ 500 ದಾಟಿದವರು ಕೂಡ ಬರೀ ಪಥ್ಯ ನಂಬಿ ಕೂರಬೇಡಿ, ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಊದುವ ಅಪಾಯ ಇರುತ್ತದೆ. ರಿಪೋರ್ಟ್ ಚೆನ್ನಾಗಿ ಬಂತು ಅಂತ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ನಮ್ಮನೆಯವರು ಈಗ ಗುಳಿಗೆಯನ್ನೂ ತೆಗೆದುಕೊಳ್ಳುತ್ತಾರೆ, ಪಾರ್ಕಿಗೂ ಬರುತ್ತಾರೆ.

ನಮಸ್ಕಾರ.