ಜೀರುಂಡೆ ಇರಲಿ, ಹಮ್ ಹೋಗಲಿ

ನಮಸ್ಕಾರ. ಬೆಳಗಿನ ಜಾವ ನಾಲ್ಕು ಗಂಟೆ. ತೀರ್ಥಹಳ್ಳಿಯಲ್ಲಿ ಮಳೆ ಈಗಷ್ಟೇ ಹೊಳವಾಗಿದೆ. ನನ್ನದು ಮಾಸ್ಟರಿಂಗ್, ಅಂದರೆ ರೆಕಾರ್ಡ್ ಆದ ಹಾಡುಗಳನ್ನು ಆಲ್ಬಂಗೆ ಕೊನೆಯದಾಗಿ ಹದ ಮಾಡುವ ಕೆಲಸ. ಆಷಾಢದಲ್ಲಿ ನನಗೆ ಕೆಲಸಕ್ಕೆ ಸಿಗುವುದು ಇಂಥ ಹೊಳವಿನ ಹೊತ್ತು ಮಾತ್ರ. ಮಳೆ ಹೊಡೆಯುವಾಗ ಹೆಂಚಿನ ಸದ್ದು ಕೋಣೆ ತುಂಬಿಕೊಳ್ಳುತ್ತದೆ. ಹಾಡಿನಲ್ಲಿರುವ ತೆಳು ದನಿಗಳೆಲ್ಲ ಅದರಲ್ಲಿ ಮುಳುಗಿಹೋಗುತ್ತವೆ. ಗೊತ್ತೇ ಆಗದೆ ಟ್ರೆಬಲ್ ಏರಿಸಿಬಿಡುತ್ತೇನೆ. ಮಾರನೇ ದಿನ ಕೇಳಿದರೆ ತಾಳದ ಸದ್ದು ಕಿವಿಗೆ ಚುಚ್ಚುತ್ತದೆ. ಅದಕ್ಕೇ ನಾನು ಮೋಡ ನೋಡಿಕೊಂಡು ಕೆಲಸಕ್ಕೆ ಕೂರುತ್ತೇನೆ.

ನೀವು ಪರದೆಯ ಮೇಲೆ ನೋಡುತ್ತಿರುವುದು ಒಂದು ಸಂಕಲನದ 14 ಹಾಡುಗಳು. ಮಲೆನಾಡಿನ ದನಿಗಳನ್ನು ಒಂದು ಆಲ್ಬಂಗೆ ತರಬೇಕು, ಒಳ್ಳೆಯ ಸ್ಪೀಕರ್ ಮುಂದೆ ಕೂತು ಕೇಳುವವರಿಗೂ ಅದು ಸರಿ ಎನಿಸಬೇಕು ಅಂತ ನಾವು ನಾಲ್ಕು ಜನ ಗೆಳೆಯರು ಹೊರಟಿದ್ದೇವೆ. ಹಾಡಿದವರನ್ನು, ಅವರಿಲ್ಲದಿದ್ದರೆ ಮನೆಯವರನ್ನು, ಒಬ್ಬೊಬ್ಬರನ್ನೇ ಕಂಡು ಒಪ್ಪಿಗೆ ತಂದಿದ್ದೇವೆ. ಯಕ್ಷಗಾನದ ಭಾಗವತಿಕೆ ಇದೆ, ಕಾವ್ಯವನ್ನು ರಾಗವಾಗಿ ಓದುವ ಗಮಕ ಇದೆ, ಅಂಟಿಗೆ ಪಂಟಿಗೆ ಇದೆ, ಡೊಳ್ಳು ಇದೆ, ಸೋಬಾನೆ ಇದೆ, ವೀಣೆ ಇದೆ. ಐದು ಹಾಡು ಹಳೇ ಕ್ಯಾಸೆಟ್‌ನಿಂದ ಬಂದವು. ಎರಡು ಮೊಬೈಲ್‌ನಲ್ಲಿ ಹಿಡಿದವು. ಉಳಿದವು ಈಚಿನ ಡಿಜಿಟಲ್ ರೆಕಾರ್ಡಿಂಗ್. ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತನವೇ ಇಲ್ಲ.

ಮಾಸ್ಟರಿಂಗ್ ಅಂದರೆ ಎಲ್ಲವನ್ನೂ ಒಂದೇ ಥರ ಮಾಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ನಾನು ಹೇಳುವುದು ಬೇರೆ. ಕೇಳುವವರು ಮೊದಲ ಹಾಡಿನಲ್ಲಿ ವಾಲ್ಯೂಮ್ ಇಟ್ಟುಕೊಂಡ ಮೇಲೆ ಕೊನೆಯವರೆಗೂ ಎದ್ದು ಬರಬಾರದು. ಅಷ್ಟಾದರೂ ಅಂಗಳದ ಹಾಡು ಅಂಗಳದ್ದೇ ಆಗಿರಬೇಕು. ಗುಡಿ ಮುಂದಿನ ಡೊಳ್ಳು ಗುಡಿ ಮುಂದೆಯೇ ಇರಬೇಕು.

ನಾನು ಯಾವಾಗಲೂ ತೀರಾ ಕೆಟ್ಟಿರುವ ಟೇಪಿನಿಂದಲೇ ಶುರು ಮಾಡುತ್ತೇನೆ. ಅದು ಎಲ್ಲಿಯವರೆಗೆ ಬರುತ್ತದೆ ಅಂತ ಗೊತ್ತಾದರೆ, ಚೆನ್ನಾಗಿರುವುದನ್ನು ಎಷ್ಟು ತಡೆದು ಹಿಡಿಯಬೇಕು ಅಂತಲೂ ಗೊತ್ತಾಗುತ್ತದೆ.

ಇದು ಭಾಗವತಿಕೆಯ ಕ್ಯಾಸೆಟ್. ರಾತ್ರಿ ಆಟದಲ್ಲಿ, ಮೈಕ್ ಸೆಟ್ಟಿನ ಸ್ಪೀಕರ್ ಪಕ್ಕ ಬ್ಯಾಟರಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಮೊದಲ ಕೆಲಸ ಸ್ಕ್ರೂಡ್ರೈವರ್‌ನದು. ಟೇಪ್ ಡೆಕ್ಕಿನಲ್ಲಿ ಟೇಪ್ ಓದುವ ಹೆಡ್ ಪಕ್ಕ ಒಂದು ಪುಟ್ಟ ಸ್ಕ್ರೂ ಇದೆ, ನೋಡಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಯಾವ ಕೋನದಲ್ಲಿತ್ತೋ ನನ್ನದೂ ಅದೇ ಕೋನಕ್ಕೆ ಬರಬೇಕು. ಕೂದಲೆಳೆಯಷ್ಟು ವಾಲಿದರೂ ಮೇಲಿನ ದನಿ ಮಂಕಾಗುತ್ತದೆ. ಈಗ ತಿರುಗಿಸುತ್ತಿದ್ದೇನೆ, ಕೇಳಿ... ಚಂಡೆಯ ಪೆಟ್ಟು ಮೊನಚಾಯಿತು, ಅಲ್ವಾ? ಇಲ್ಲಿ ಬಿಟ್ಟರೆ ಆಮೇಲೆ ಎಂಥ ಸಾಫ್ಟ್‌ವೇರ್ ತಂದರೂ ಅದು ವಾಪಸ್ ಸಿಗುವುದಿಲ್ಲ.

ಎರಡನೆಯದು ವೇಗ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಆಟ ನಡೆಯುವಾಗ ಬ್ಯಾಟರಿ ಕುಗ್ಗಿದರೆ ಟೇಪ್ ನಿಧಾನ ಆಗುತ್ತದೆ. ಅದನ್ನು ನಾವು ಸರಿಯಾದ ವೇಗದಲ್ಲಿ ಹಾಕಿದಾಗ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ಈ ಭಾಗವತರ ದನಿ ಯಾಕೋ ಬಿಗಿಯಾಗಿದೆ ಅಂತ ನನಗೆ ಮೊದಲ ದಿನವೇ ಅನ್ನಿಸಿತ್ತು. ಆದರೆ ಎಷ್ಟು ಇಳಿಸಬೇಕು ಅಂತ ಹೇಗೆ ಹೇಳುವುದು?

ದಾರಿ ತೋರಿಸಿದ್ದು ಹಮ್. ಮೈಕ್ ಸೆಟ್ಟಿನ ಆಂಪ್ಲಿಫೈಯರ್ ಗುಂಯ್ ಅನ್ನುತ್ತಿತ್ತು, ಆ ಗುಂಯ್ ಟೇಪಿಗೂ ಇಳಿದಿತ್ತು. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಆವರ್ತ. ಇಂಥ ಆಂಪ್ಲಿಫೈಯರ್‌ಗಳ ಹಮ್ ಹೆಚ್ಚಾಗಿ ಅದರ ಎರಡು ಪಟ್ಟು, ಅಂದರೆ 100ರಲ್ಲಿ ಬರುತ್ತದೆ. ಪರದೆಯಲ್ಲಿ ಅಳೆದರೆ 104 ತೋರಿಸಿತು. ಅಂದರೆ ಹಾಡು ನೂರಕ್ಕೆ ನಾಲ್ಕು ಭಾಗ ಜಾಸ್ತಿ ಓಡುತ್ತಿದೆ. ಶ್ರುತಿಯಲ್ಲಿ ಲೆಕ್ಕ ಹಾಕಿದರೆ ಹಾರ್ಮೋನಿಯಂನ ಅರ್ಧ ಮನೆಗಿಂತ ಹೆಚ್ಚು.

ಅಲ್ಲಿಗೇ ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ಆ ಟೇಪ್ ಹಿಡಿದ ಕಾಲದಲ್ಲಿ ದಕ್ಷಿಣದ ವಿದ್ಯುತ್ ಗ್ರಿಡ್ ಫ್ರೀಕ್ವೆನ್ಸಿ 50ರಿಂದ ಕೆಳಗೆ ಜಾರುವುದು ಮಾಮೂಲು. ಆ ರಾತ್ರಿ ಕರೆಂಟೇ 49ರಲ್ಲಿ ಇದ್ದಿದ್ದರೆ? ನನ್ನ ಲೆಕ್ಕ ತಪ್ಪುತ್ತದೆ. ಹಾಗಾಗಿ ಅದೇ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದ ಹಿರಿಯರನ್ನು ಹುಡುಕಿಕೊಂಡು ಹೋದೆ. ಅವರ ಮುಂದೆ ಮೂರು ವೇಗದಲ್ಲಿ ಹಾಡು ಹಾಕಿದೆ. ಎರಡನೆಯದು ಶುರುವಾದ ಕೂಡಲೇ ಅವರ ಬೆರಳು ಮಂಡಿಯ ಮೇಲೆ ಆಡಲು ಹತ್ತಿತು. "ಕಪ್ಪು ಎರಡು. ಇದೇ ಅವರ ಶ್ರುತಿ" ಅಂದರು. ಹಾರ್ಮೋನಿಯಂನ ಎರಡನೇ ಕಪ್ಪು ಮನೆ ಅಂತ ಅರ್ಥ. ಅದು ನೂರಕ್ಕೆ ನಾಲ್ಕು ಇಳಿಸಿದ್ದು. ವೇಗ ಕೂರಿಸಿದ ಮೇಲೆ ಹಮ್ ತೆಗೆದೆ. ಅಷ್ಟು ದಿನ ಅದನ್ನು ಮುಟ್ಟದೆ ಇಟ್ಟಿದ್ದು ಒಳ್ಳೆಯದಾಯಿತು.

ಗಮಕದ ಟೇಪ್ ಬಂದದ್ದು ಒಂದು ಮನೆಯ ಅಡುಗೆಮನೆ ಅಟ್ಟದಿಂದ. ನಮ್ಮಲ್ಲಿ ಕ್ಯಾಸೆಟ್‌ಗೆ ದೊಡ್ಡ ಶತ್ರು ಬೂಸಲು. ಒಲೆಯ ಮೇಲಿನ ಅಟ್ಟದಲ್ಲಿ ಇದ್ದದ್ದರಿಂದ ಇದಕ್ಕೆ ಬೂಸಲು ಹಿಡಿದಿಲ್ಲ. ಆದರೆ ಆ ಬಿಸಿ ಇನ್ನೊಂದು ತೊಂದರೆ ಮಾಡಿದೆ. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೂ ಅಂಟಿಕೊಳ್ಳುತ್ತದೆ. ಬಿಸಿ ಇದ್ದರೆ ಜಾಸ್ತಿ. 90 ನಿಮಿಷದ ತೆಳು ಟೇಪಿನಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಇಲ್ಲಿ ಗಮಕಿ ಸಾಲು ಎತ್ತಿಕೊಳ್ಳುವ ಒಂದೆರಡು ಸೆಕೆಂಡ್ ಮೊದಲೇ ಅದೇ ಸಾಲು ದೂರದಿಂದ ಕೂಗಿದ ಹಾಗೆ ಮೆಲ್ಲಗೆ ಕೇಳುತ್ತದೆ.

ಬೇರೆ ಸಂಗೀತದಲ್ಲಿ ಇದು ಮುಚ್ಚಿಹೋಗುತ್ತಿತ್ತು. ಗಮಕದಲ್ಲಿ ಪಕ್ಕವಾದ್ಯವಿಲ್ಲ, ತಾಳದ ಕಟ್ಟಿಲ್ಲ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಗಮಕ ಕೇಳಿದವರಿಗೆ ನಾನು ಹೇಳುವುದು ಗೊತ್ತಿರುತ್ತದೆ. ಆ ಊರಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಈ ಟೇಪಿನಲ್ಲಿರುವುದು ಬೇರೆಯವರ ದನಿ. ಆದರೂ ಷಟ್ಪದಿಯ ಸಾಲುಗಳ ನಡುವೆ ಬಿಡುವ ಆ ನಿಲುಗಡೆ ಅದೇ. ಕೇಳುಗ ಅರ್ಥವನ್ನು ಒಳಗೆ ಇಳಿಸಿಕೊಳ್ಳುವುದು ಅಲ್ಲೇ. ಆ ಮೌನಗಳನ್ನು ಒಂದೊಂದಾಗಿ ಕೈಯಿಂದಲೇ ಸರಿ ಮಾಡಿದೆ. ಮೂರು ರಾತ್ರಿ ಹಿಡಿಯಿತು. ಪೂರ್ತಿ ಸೊನ್ನೆ ಮಾಡಿದರೆ ಗಮಕಿ ಕೋಣೆಯಿಂದ ಎದ್ದು ಹೋಗಿ ಮತ್ತೆ ಬಂದ ಹಾಗೆ ಕೇಳುತ್ತದೆ. ಹಾಗಾಗಿ ಮುಂಚೆ ಬರುವ ದನಿಯನ್ನು ಮಾತ್ರ ತೆಗೆದು ಟೇಪಿನ ಸಣ್ಣ ಸುಯ್ ಅನ್ನುವ ಸದ್ದನ್ನು ಬಿಟ್ಟಿದ್ದೇನೆ.

ಅಂಟಿಗೆ ಪಂಟಿಗೆಯಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೆ. ದೀಪಾವಳಿ ರಾತ್ರಿ ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ಹೋಗುವವರ ಹಾಡು ಅದು. ಹಿಂದೆ ತೋಟದ ಜೀರುಂಡೆ ಒಂದೇ ಸಮ ಕಿರ್ ಅನ್ನುತ್ತದೆ. ಹೈಫೈ ಆಲ್ಬಂ, ಶುಭ್ರ ಇರಬೇಕು ಅಂತ ನಾಯ್ಸ್ ರಿಡಕ್ಷನ್ ಹಾಕಿ ಜೀರುಂಡೆ ಪೂರ್ತಿ ತೆಗೆದೆ. ಜೀರುಂಡೆಯ ದನಿ ಕುಳಿತಿದ್ದು 4–5 ಕಿಲೋಹರ್ಟ್ಜ್ ಸುತ್ತ. ನಮ್ಮ ಮಾತಿನಲ್ಲಿ ಚ, ಶ, ಸ ಸ್ಪಷ್ಟವಾಗುವ ಜಾಗವೂ ಹೆಚ್ಚುಕಡಿಮೆ ಅದೇ. ಹಾಡುವವರ ಅಕ್ಷರಗಳು ತೊದಲಿದ ಹಾಗಾದವು. ಅದಕ್ಕಿಂತ ಹೆಚ್ಚಾಗಿ, ರಾತ್ರಿಯೇ ಇಲ್ಲವಾಯಿತು. ಯಾವುದೋ ಗೋಡೆ ಮುಂದೆ ನಿಂತು ಹಾಡಿದ ಹಾಗೆ ಇತ್ತು. ಅದೆಲ್ಲ ಅಳಿಸಿ ಮೂಲಕ್ಕೆ ವಾಪಸ್ ಹೋದೆ. ಈಗ ಜೀರುಂಡೆ ಇದೆ, ಎರಡು ಡೆಸಿಬೆಲ್ ಮಾತ್ರ ತಗ್ಗಿದೆ. ಆಂಪ್ಲಿಫೈಯರ್‌ನ ಹಮ್ ಯಾರಾದರೂ ಕೇಳಲಿ ಅಂತ ಇಟ್ಟದ್ದಲ್ಲ. ಜೀರುಂಡೆ ಆ ರಾತ್ರಿಯ ಜೊತೆಗಾರ. ನನ್ನ ಮಟ್ಟಿಗೆ ಗೆರೆ ಇರುವುದು ಇಲ್ಲಿ.

ಮೊಬೈಲ್ ರೆಕಾರ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದರಲ್ಲಿ ಡೊಳ್ಳಿನ ಜೋರು ಮೊಬೈಲ್ ತಾಳದೆ ಪೆಟ್ಟುಗಳ ತಲೆ ಕತ್ತರಿಸಿಹೋಗಿತ್ತು. ರಿಪೇರಿ ಪ್ರಯತ್ನ ಮಾಡಿದೆ, ಸಮಾಧಾನ ಆಗಲಿಲ್ಲ. ತಂಡದವರನ್ನೇ ಕೇಳಿಕೊಂಡು ಬೀರೇಶ್ವರನ ಗುಡಿ ಮುಂದೆ ಮತ್ತೆ ಬಾರಿಸಲು ಹೇಳಿ, ಒಳ್ಳೆಯ ಮೈಕಿನಲ್ಲಿ ಹಿಡಿದೆವು. ಸಾಧ್ಯವಿದ್ದರೆ ಇದಕ್ಕಿಂತ ಒಳ್ಳೆಯ ಮಾಸ್ಟರಿಂಗ್ ಇಲ್ಲ.

ಇನ್ನು ಜೋರಿನ ಲೆಕ್ಕ. ಎಲ್‌ಯುಎಫ್‌ಎಸ್ ಅಂತ ಒಂದು ಅಳತೆ ಇದೆ. ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಅನ್ನುವುದನ್ನು ಅಳೆಯುತ್ತದೆ. ಇದರ ಹಿಂದಿನ ಪದ್ಧತಿಯನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಹೊರತಂದಿತು. ಆನ್‌ಲೈನ್‌ನಲ್ಲಿ ಮೈನಸ್ 14 ಅನ್ನುವ ಸಂಖ್ಯೆಯನ್ನು ನೀವು ಕೇಳಿರುತ್ತೀರಿ, ಹಾಡು ಕೇಳಿಸುವ ಕೆಲವು ಸೇವೆಗಳು ಇಟ್ಟುಕೊಂಡಿರುವ ಮಟ್ಟ ಅದು. ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಹಾಡು ಮೆಲ್ಲಗೆ. ಪರೀಕ್ಷೆಗೆ ಅಂತ 14 ಹಾಡನ್ನೂ ಒಂದೇ ಸಂಖ್ಯೆಗೆ ತಂದು ನೋಡಿದೆ. ಡೊಳ್ಳು ಸಪ್ಪೆಯಾಯಿತು. ಗಮಕಿ ಬಂದು ನನ್ನ ಮೂಗಿನ ಮುಂದೆ ನಿಂತು ಕೂಗಿದ ಹಾಗಾಯಿತು. ಯಾಕೆ? ಆ ಅಳತೆ ತೀರಾ ಕೆಳಗಿನ ಗುಡುಗನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುತ್ತದೆ, ಮೌನವನ್ನು ಬಿಟ್ಟುಬಿಡುತ್ತದೆ. ಡೊಳ್ಳಿನ ಜೀವ ಆ ಗುಡುಗು; ಅದು ಲೆಕ್ಕಕ್ಕೆ ಕಡಿಮೆ ಸಿಕ್ಕಿದ್ದರಿಂದ ಸಂಖ್ಯೆ ಮುಟ್ಟಿಸಲು ಡೊಳ್ಳನ್ನು ಮೇಲೆ ನೂಕಿ ಪೆಟ್ಟುಗಳ ತಲೆ ಅದುಮಬೇಕಾಯಿತು. ಗಮಕದ ಜೀವ ಆ ಮೌನ.

ಕೊನೆಗೆ ಡೊಳ್ಳಿಗೆ ಮೈನಸ್ 16, ಗಮಕಕ್ಕೆ ಮೈನಸ್ 21 ಇಟ್ಟೆ. ಡೊಳ್ಳಿಗೆ ಲಿಮಿಟರ್, ಅಂದರೆ ಪೆಟ್ಟಿನ ತಲೆ ಅದುಮುವ ಸಾಧನ, ಹಾಕಲೇ ಇಲ್ಲ. ಪೆಟ್ಟು ಏಳಲು ಜಾಗ ಬೇಕು. ಹೈಫೈ ಅಂದರೆ 24 ಬಿಟ್, 96 ಕಿಲೋಹರ್ಟ್ಜ್‌ನ ತೀರಾ ಸೂಕ್ಷ್ಮ ಡಿಜಿಟಲ್ ಫೈಲ್ ಅನ್ನುವವರಿದ್ದಾರೆ. ನಾವೂ ಹಾಗೇ ಕೊಡುತ್ತಿದ್ದೇವೆ. ಆದರೆ ಕ್ಯಾಸೆಟ್‌ನಲ್ಲಿ ಇಲ್ಲದ್ದು 24 ಬಿಟ್‌ನಿಂದ ಹುಟ್ಟುವುದಿಲ್ಲ. ಇದ್ದದ್ದು ನಮ್ಮ ಕೆಲಸದಲ್ಲಿ ಕೆಡದೆ ಉಳಿಯುತ್ತದೆ, ಅಷ್ಟೇ.

ಹಾಡುಗಳ ಕ್ರಮಕ್ಕೆ ಒಂದು ವಾರ ತಲೆ ಕೆಡಿಸಿಕೊಂಡೆ. ಎರಡೂ ಸ್ಪೀಕರ್ ನಡುವೆ ವಿಶಾಲವಾಗಿ ಹರಡುವ ವೀಣೆಯ ಬೆನ್ನಿಗೇ, ಒಂದೇ ಕಡೆಯಿಂದ ಬಂದ ಹಾಗೆ ಕೇಳುವ ಮೊನೊ ಕ್ಯಾಸೆಟ್ ಬಂದರೆ ಕ್ಯಾಸೆಟ್ ಬಡವಾಗಿ ಕೇಳುತ್ತದೆ. ಅದಕ್ಕೆ ಆಲ್ಬಂ ಶುರುವಾಗುವುದೇ ಅಂಟಿಗೆ ಪಂಟಿಗೆಯಿಂದ. ಕಿವಿಗೆ ಆಗ ಹೋಲಿಸಲು ಬೇರೆ ಏನೂ ಇರುವುದಿಲ್ಲ. ಮೊದಲು ಜೀರುಂಡೆ, ಆಮೇಲೆ ದೂರದಿಂದ ಬರುವ ದನಿಗಳು.

ಈಗ ಉಳಿದಿರುವುದು ಡೊಳ್ಳು ಮತ್ತು ಗಮಕದ ನಡುವಿನ ಬಿಡುವು. ಸಿಡಿಯಲ್ಲಿ ರೂಢಿ ಎರಡು ಸೆಕೆಂಡ್. ಎರಡು ಇಟ್ಟೆ, ಕಿವಿಯಲ್ಲಿ ಡೊಳ್ಳಿನ ಗುಂಗು ಆರಿರಲಿಲ್ಲ. ಐದು ಇಟ್ಟೆ, ಇನ್ನೂ ಅವಸರ. ಈಗ ಒಂಬತ್ತು ಇಟ್ಟಿದ್ದೇನೆ. ಕೊನೆಯ ಪೆಟ್ಟು ಗುಡಿಯ ಗೋಡೆಗೆ ತಾಗಿ ಆರುವುದು ಕೇಳಿ. ಏಳು... ಎಂಟು... ಗಮಕಿ ಉಸಿರು ತೆಗೆದುಕೊಂಡರು.

ಹೆಂಚಿನ ಮೇಲೆ ಮತ್ತೆ ಹನಿ ಶುರುವಾಯಿತು. ಸ್ಪೀಕರ್ ಆರಿಸುತ್ತೇನೆ. ಉಳಿದದ್ದು ಮುಂದಿನ ಹೊಳವಿಗೆ.