ಕಿಲುಬು ಬಿಡಿಸಿದರೆ ಅಂಕಿ ಮೂಡೀತು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕಾರ್ಖಾನೆ, ಬ್ಯಾಂಕು, ಕಾಲೇಜುಗಳಲ್ಲಿ ದುಡಿದು ನಿವೃತ್ತರಾದ ಎಷ್ಟೋ ಜನರ ಬೀರುಗಳಲ್ಲಿ ಎಪ್ಪತ್ತು-ಎಂಬತ್ತರ ದಶಕದ ಕ್ಯಾಲ್ಕುಲೇಟರುಗಳು ಇನ್ನೂ ಜೋಪಾನವಾಗಿವೆ. ಹೊಸ ಸೆಲ್ ಹಾಕಿದರೂ ಅಂಕಿ ಮೂಡದಿದ್ದರೆ ‘ಐಸಿ ಹೋಗಿದೆ’, ಅಂದರೆ ಒಳಗಿನ ಚಿಪ್ ಸುಟ್ಟಿದೆ, ಎಂದು ಬದಿಗಿಡುತ್ತಾರೆ. ಆತುರ ಬೇಡ. ಮೊದಲು ಅನುಮಾನಿಸಬೇಕಾದ್ದು ಸೆಲ್ ಕೂರುವ ಜಾಗದ ಸ್ಪ್ರಿಂಗು ಮತ್ತು ಲೋಹದ ಪಟ್ಟಿಯನ್ನು.

ಯಾವ ಸೆಲ್ ಸೋರಿದೆ, ನೋಡಿ. ಮೈಮೇಲೆ ಆಲ್ಕಲೈನ್ ಎಂದಿದ್ದರೆ ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದು ಹೊರಬಂದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬಿಳಿ ಹರಳಾಗಿ ಕೂರುತ್ತದೆ. ಇದಕ್ಕೆ ಹುಳಿಯೇ ಮದ್ದು. ದಿನಸಿ ಅಂಗಡಿಯ ವಿನೆಗರ್ ಸಾಕು. ಕಡಿಮೆ ಬೆಲೆಯ ಪೆನ್ಸಿಲ್ ಸೆಲ್ಲುಗಳು ಹೆಚ್ಚಾಗಿ ಸತು-ಇಂಗಾಲದವು, ಅವುಗಳ ರಸ ಆಮ್ಲೀಯ. ಅಲ್ಲಿ ವಿನೆಗರ್ ಹಚ್ಚಿ ಪ್ರಯೋಜನವಿಲ್ಲ, ಅಡುಗೆ ಸೋಡಾ ಕದಡಿದ ನೀರು ಬೇಕು. ಹತ್ತಿ ಸುತ್ತಿದ ಕಡ್ಡಿಯಲ್ಲಿ ಹನಿಹನಿಯಾಗಿ ಹಚ್ಚಿ, ಬೋರ್ಡಿನ ಕಡೆ ಹರಿಯಲು ಬಿಡಬೇಡಿ. ನೊರೆ ನಿಂತ ಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಸಲ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒಂದು ಸಲ ಒರೆಸಿ. ತಾಮ್ರದ ಚೊಂಬು ಬೆಳಗಿದ ಹಾಗೆ ಹುಣಸೆಹಣ್ಣು ತಿಕ್ಕಬೇಡಿ. ಅದರ ಸಕ್ಕರೆ ಅಂಶ ಉಳಿದು ಮಳೆಗಾಲದಲ್ಲಿ ತೇವ ಹಿಡಿಯುತ್ತದೆ.

ಉಪ್ಪುಕಾಗದದ ಸಹವಾಸವೂ ಬೇಡ. ಸ್ಪ್ರಿಂಗಿನ ಮೇಲಿನ ನಿಕ್ಕಲ್ ಲೇಪ ಬಹಳ ತೆಳು. ಉಜ್ಜಿದ ದಿನ ಫಳಫಳ ಹೊಳೆಯುತ್ತದೆ, ಆಮೇಲೆ ಕೆಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ಗಟ್ಟಿ ಕಿಲುಬನ್ನು ಮರದ ಕಡ್ಡಿಯಿಂದ ಕೆರೆದು, ಉಳಿದದ್ದನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ.

ಹೊಳಪು ನೋಡಿ ತೀರ್ಪು ಕೊಡಬಾರದು, ವೋಲ್ಟ್ ಅಳೆಯುವ ಮಲ್ಟಿಮೀಟರ್ ಹೇಳಬೇಕು. ಸೆಲ್ ಹಾಕಿ, ಯಂತ್ರ ಚಾಲೂ ಮಾಡಿ, ಪರದೆ ತುಂಬ 8 ಒತ್ತಿ. ಕೆಂಪು ಅಂಕಿ ಬೆಳಗುವ ಎಲ್‌ಇಡಿ ಯಂತ್ರ ಹೆಚ್ಚು ಕರೆಂಟ್ ಎಳೆಯುವುದು ಆಗಲೇ. ಮೀಟರಿನ ಒಂದು ಮೊನೆ ಸೆಲ್ಲಿನ ತುದಿಗೆ, ಇನ್ನೊಂದು ಅದೇ ತುದಿಯ ವೈರ್ ಬೋರ್ಡಿಗೆ ಸೇರುವ ಬೆಸುಗೆಗೆ. ಸೊನ್ನೆಯ ಹತ್ತಿರ ಇರಬೇಕು, 0.05 ವೋಲ್ಟ್ ದಾಟಿದರೆ ಇನ್ನೂ ಕೊಳೆ ಇದೆ, ಇಲ್ಲವೇ ವೈರ್ ಕೆಟ್ಟಿದೆ. ದಾರಿಯಲ್ಲಿ 5 ಓಮ್ ಅಡ್ಡಿಯಿದ್ದು 60 ಮಿಲಿಆಂಪ್ ಹರಿದರೆ 0.3 ವೋಲ್ಟ್ ಅಲ್ಲೇ ನಷ್ಟ. ಕಪ್ಪು ಅಂಕಿಯ ಎಲ್‌ಸಿಡಿ ಯಂತ್ರ ಮೈಕ್ರೊಆಂಪ್ ಲೆಕ್ಕದಲ್ಲಿ ಓಡುವುದರಿಂದ ಅಷ್ಟು ಕೊಳೆಯನ್ನು ಸಹಿಸಿಕೊಳ್ಳುತ್ತದೆ, ಕೆಂಪು ಅಂಕಿಯದು ಸಹಿಸುವುದಿಲ್ಲ.

ಸ್ಪ್ರಿಂಗ್ ಮುರಿದೇ ಹೋಗಿದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಪೆನ್ಸಿಲ್ ಸೆಲ್ಲಿನ ಹೋಲ್ಡರ್ ಕೊಂಡು ಅದರದ್ದನ್ನೇ ಬಿಚ್ಚಿ ಬಳಸಿ. ಚಪ್ಪಟೆ ಪಟ್ಟಿಗೆ 0.2 ಅಥವಾ 0.3 ಮಿ.ಮೀ. ಫಾಸ್ಫರ್ ಬ್ರಾಂಜ್ ತಗಡು ಒಳ್ಳೆಯದು, ಮಡಿಸಿದರೂ ಮತ್ತೆ ಪುಟಿಯುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಮಾತ್ರ ಬೇಡವೇ ಬೇಡ: ಅದರ ಮೇಲಿನ ಆಕ್ಸೈಡ್ ಪದರ ಕರೆಂಟಿಗೆ ಅಡ್ಡ, ಬೆಸುಗೆಯೂ ಹಿಡಿಯದು.

ಬೆಸುಗೆಯನ್ನು ಪೆಟ್ಟಿಗೆಯ ಹೊರಗೇ ಮುಗಿಸಿ. ಪೆಟ್ಟಿಗೆಯ ಎಬಿಎಸ್ ಪ್ಲಾಸ್ಟಿಕ್ಕು ನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. 25 ವಾಟ್ ಸೋಲ್ಡರಿಂಗ್ ಐರನ್, 60/40 ತವರ-ಸೀಸದ ಬೆಸುಗೆ ತಂತಿ, ಎರಡು ಮೂರು ಸೆಕೆಂಡು ಶಾಖ. ಹಳೇ ವೈರಿನ ತುದಿ ಕಪ್ಪಾಗಿದ್ದರೆ ಕ್ಷಾರ ಕವಚದೊಳಗೆ ಏರಿದೆ ಎಂದರ್ಥ, ಬೆಸುಗೆ ಹಿಡಿಯುವುದಿಲ್ಲ. ಇಡೀ ವೈರನ್ನೇ ಬದಲಿಸಿ, 7/36, ಅಂದರೆ ಏಳು ಸಣ್ಣ ಎಳೆಯ ವೈರ್ ಸಾಕು. ಹೊಸ ಪಟ್ಟಿಯನ್ನು ಎರಡು ಟ್ಯೂಬಿನ ಎಪಾಕ್ಸಿಯಿಂದ ಕೂರಿಸಿ ರಾತ್ರಿಯಿಡೀ ಕ್ಲಿಪ್ ಹಾಕಿಡಿ. ತಕ್ಷಣ ಅಂಟುವ ಗೋಂದು ಸ್ಪ್ರಿಂಗಿನ ಒತ್ತಡಕ್ಕೆ ಬಿರಿಯುತ್ತದೆ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 1976ರ ಟಿಐ-30ರಂಥ 9 ವೋಲ್ಟ್ ಯಂತ್ರಗಳಿಗೆ ಸತ್ತ ಬ್ಯಾಟರಿಯ ನೆತ್ತಿಯನ್ನೇ ಕಿತ್ತು ಕ್ಲಿಪ್ಪಾಗಿ ಬಳಸಬಹುದು. ಆದರೆ ಗಮನಿಸಿ, ಧ್ರುವ ಅದಲುಬದಲಾಗುತ್ತದೆ. ಮೊದಲು ಪ್ಲಸ್ ಆಗಿದ್ದ ಗುಂಡಿ ಹೊಸ ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಕೊಳ್ಳುವುದರಿಂದ ಅದಕ್ಕೆ ಕಪ್ಪು ವೈರ್ ಹಾಕಬೇಕು. ಮೀಟರಿನಲ್ಲಿ ನೋಡದೆ ಜೋಡಿಸಿದರೆ ಐಸಿ ನಿಜಕ್ಕೂ ಹೋಗುತ್ತದೆ.

ಹ್ಯೂಲೆಟ್-ಪ್ಯಾಕರ್ಡ್‌ನ 1975ರ ಎಚ್‌ಪಿ-25ರಂಥವುಗಳಲ್ಲಿ ಚಾರ್ಜ್ ಮಾಡುವ ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲುಗಳಿರುತ್ತವೆ. ಕ್ಯಾಡ್ಮಿಯಂ ವಿಷ, ಕೈಗವಸು ಹಾಕಿಕೊಳ್ಳಿ. ಸತ್ತ ಸೆಲ್ಲನ್ನು ಮನೆಕಸಕ್ಕೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ. ಇವುಗಳಲ್ಲಿ ಚಾರ್ಜರಿನ ವೋಲ್ಟೇಜನ್ನು ತಗ್ಗಿಸಿ ಹಿಡಿಯುವುದು ಸೆಲ್ಲೇ. ಸ್ಪ್ರಿಂಗ್ ಸರಿಯಾಗಿ ತಾಗದಿದ್ದಾಗ ಚಾರ್ಜರ್ ಸಿಕ್ಕಿಸಿದರೆ ಏರಿದ ವೋಲ್ಟೇಜ್ ನೇರ ಐಸಿಗೆ ನುಗ್ಗಿ ಸುಡುತ್ತದೆ. ಆದ್ದರಿಂದ ಮೊದಲು ಬರೀ ಸೆಲ್ಲಿನಲ್ಲಿ ಓಡಿಸಿ, ಸೆಲ್ಲನ್ನು ಬೆರಳಿನಿಂದ ಅಲುಗಿಸಿ ನೋಡಿ. ಒಂದು ಅಂಕಿಯೂ ಮಿನುಗದಿದ್ದರೆ ಮಾತ್ರ ಚಾರ್ಜರ್ ಮುಟ್ಟಿ.

ನಮಸ್ಕಾರ.